ಪ್ರಯೋಗಶಾಲೆಯ ಬಾಗಿಲು ತೆರೆಯುವವರು ಯಾರು?

ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳಿನ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಮಾತು ಕೇಳದೆ ಬೆಳೆದವರು ಹಿರಿಯ ತಲೆಮಾರಿನಲ್ಲಿ ಬಹುಶಃ ಯಾರೂ ಇಲ್ಲ. ಮಕ್ಕಳನ್ನು ಹೆದರಿಸುವುದಕ್ಕೂ ಅದೇ ಮಾತು, ಜಗಳದಲ್ಲಿ ಬೈಯುವುದಕ್ಕೂ ಅದೇ ಮಾತು. ಆ ಮದ್ದು ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ಯಾರೂ ವಿಚಾರಿಸುತ್ತಿರಲಿಲ್ಲ. ಅದು ಬರುತ್ತಿದ್ದುದು ಕುರಿಯ ಮಿದುಳಿನಿಂದ. ಡೇವಿಡ್ ಸೆಂಪಲ್ ಎಂಬ ಬ್ರಿಟಿಷ್ ಸೇನಾ ವೈದ್ಯ 1911ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ರೂಪಿಸಿದ ವಿಧಾನ ಅದು. ಆರೋಗ್ಯವಾಗಿರುವ ಕುರಿಯ ಮಿದುಳಿಗೆ ರೇಬೀಸ್ ವೈರಾಣುವನ್ನು ಸೇರಿಸುವುದು, ಅದಕ್ಕೆ ಲಕ್ವ ಹೊಡೆದಾಗ ಕೊಂದು ಮಿದುಳನ್ನು ತೆಗೆಯುವುದು, ಅದನ್ನು ಅರೆದು ಫೀನಾಲ್ ಬೆರೆಸಿ ವೈರಾಣುವಿನ ಶಕ್ತಿ ಅಳಿಸುವುದು. 2004ರ ಕೊನೆಯ ತನಕ ಭಾರತದಲ್ಲಿ ಈ ಲಸಿಕೆ ಬಳಕೆಯಲ್ಲಿತ್ತು. ಎಷ್ಟೋ ಮನೆಗಳ ದೀಪ ಆರದಂತೆ ಉಳಿಸಿದ ಮದ್ದು ಅದು. ಕೆಲವರಿಗೆ ಅದರಿಂದಲೇ ಲಕ್ವ ಹೊಡೆದದ್ದೂ ಉಂಟು.

ಕುರಿಯನ್ನು ಹೀಗೆ ಬಳಸಿದ್ದು ಸರಿಯೇ ತಪ್ಪೇ ಎಂಬ ವಾದ ಒಂದು ಸಂಜೆಯಲ್ಲಿ ಮುಗಿಯುವಂಥದಲ್ಲ. ಇಲ್ಲಿರುವ ಪ್ರಶ್ನೆ ಅದಕ್ಕಿಂತ ಚಿಕ್ಕದು, ಆದರೆ ಸುಲಭದ್ದಲ್ಲ. ಇಂಥ ಕೆಲಸಕ್ಕೆ ಸರಕಾರವೇ ಒಪ್ಪಿಗೆ ಕೊಟ್ಟ ಮೇಲೆ, ಮುಚ್ಚಿದ ಬಾಗಿಲ ಹಿಂದೆ ಅದು ಹೇಗೆ ನಡೆಯುತ್ತಿದೆ ಎಂದು ನೋಡುವವರು ಯಾರು? ಪ್ರಾಣಿಪ್ರಯೋಗದ ಕಾನೂನಿನ ಒಂದೂವರೆ ಶತಮಾನದ ಚರಿತ್ರೆಯನ್ನು ತಿರುವಿ ಹಾಕಿದರೆ, ಕಾನೂನು ಏನನ್ನು ನಿಷೇಧಿಸಿತು ಎಂಬುದಕ್ಕಿಂತ, ಒಳಗೆ ಹೋಗಿ ನೋಡುವ ಹಕ್ಕನ್ನು ಯಾರಿಗೆ ಕೊಟ್ಟಿತು ಎಂಬುದೇ ಮುಖ್ಯವಾಗಿ ಕಾಣುತ್ತದೆ.

ಈ ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಶರೀರಕ್ರಿಯಾಶಾಸ್ತ್ರದ ರಾಜಧಾನಿ ಎಂದರೆ ಪ್ಯಾರಿಸ್. ಅಲ್ಲಿನ ಕ್ಲಾಡ್ ಬರ್ನಾರ್ಡ್ ಪ್ರಾಣಿಗಳನ್ನು ಸೀಳಿ ನೋಡಿಯೇ ಪಿತ್ತಜನಕಾಂಗದ, ಮೇದೋಜೀರಕದ ಗುಟ್ಟುಗಳನ್ನು ಬಿಡಿಸಿದ ಮಹಾ ವಿಜ್ಞಾನಿ. ಆತನ ಹೆಂಡತಿಯೇ ಆತನನ್ನು ಬಿಟ್ಟುಹೋಗಿ ಪ್ರಾಣಿಪ್ರಯೋಗದ ವಿರೋಧಿಗಳ ಜತೆ ಸೇರಿದಳೆಂಬುದು ಆ ಕಾಲದ ಮನೆಮಾತು. ಈ ವಿದ್ಯೆ ಇಂಗ್ಲೆಂಡಿಗೆ ಬಂದಾಗ ಅಲ್ಲಿನ ಮಧ್ಯಮವರ್ಗ ಬೆಚ್ಚಿಬಿತ್ತು. 1874ರಲ್ಲಿ ನಾರ್ವಿಚ್ ನಗರದ ವೈದ್ಯರ ಸಮ್ಮೇಳನವೊಂದರಲ್ಲಿ ಮ್ಯಾಗ್ನನ್ ಎಂಬ ಫ್ರೆಂಚ್ ವೈದ್ಯ ನಾಯಿಗಳ ರಕ್ತನಾಳಕ್ಕೆ ಮದ್ಯಸಾರ ಹರಿಸಿ ಪರಿಣಾಮ ತೋರಿಸಿದ. ಸಭಿಕರಲ್ಲೇ ಗಲಾಟೆಯಾಯಿತು, ಮೊಕದ್ದಮೆಯೂ ಆಯಿತು. ಆತ ಅಷ್ಟರಲ್ಲಿ ಫ್ರಾನ್ಸಿಗೆ ಹಿಂತಿರುಗಿದ್ದ. ಆದರೆ ಕಾವು ಇಳಿಯಲಿಲ್ಲ. ಫ್ರಾನ್ಸಿಸ್ ಪವರ್ ಕಾಬ್ ಎಂಬ ಮಹಿಳೆ ಚಳವಳಿ ಕಟ್ಟಿದಳು, ವಿಕ್ಟೋರಿಯಾ ರಾಣಿಯ ಒಲವೂ ಆ ಕಡೆಗೇ ಇತ್ತು. 1875ರಲ್ಲಿ ಸರಕಾರ ರಾಯಲ್ ಆಯೋಗ ನೇಮಿಸಿತು.

ಆ ಆಯೋಗದ ಮುಂದೆ ಬಂದ ಸಾಕ್ಷಿಗಳಲ್ಲಿ ಇಬ್ಬರನ್ನು ನೆನೆಯಬೇಕು. ಒಬ್ಬ ಚಾರ್ಲ್ಸ್ ಡಾರ್ವಿನ್. ಶರೀರಶಾಸ್ತ್ರ ಬೆಳೆಯಬೇಕಾದರೆ ಪ್ರಯೋಗ ಬೇಕೇ ಬೇಕು, ಆದರೆ ಅರಿವಳಿಕೆ ಕೊಡಲು ಸಾಧ್ಯವಿದ್ದೂ ಕೊಡದೆ ನೋಯಿಸುವುದು ಹೇಯ ಎಂಬುದು ಆತನ ನಿಲುವು. ಇನ್ನೊಬ್ಬ ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಇಮ್ಯಾನುಯೆಲ್ ಕ್ಲೈನ್. ಪ್ರಾಣಿಯ ನೋವಿನ ಬಗ್ಗೆ ತನಗೆ ಲಕ್ಷ್ಯವೇ ಇಲ್ಲ, ಅರಿವಳಿಕೆ ಕೊಡುವುದು ತನ್ನ ಅನುಕೂಲಕ್ಕೆ ಎಂಬರ್ಥದ ಮಾತನ್ನು ಆತ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟ. ವಿಜ್ಞಾನಿಗಳ ಮೇಲೆ ನಂಬಿಕೆಯಿಟ್ಟು ಅವರ ಪಾಡಿಗೆ ಬಿಡಬಹುದು ಎನ್ನುತ್ತಿದ್ದವರ ಬಾಯಿ ಆ ಒಂದು ಸಾಕ್ಷ್ಯದಿಂದ ಕಟ್ಟಿಹೋಯಿತು. ಡಾರ್ವಿನ್ನನಂಥವರನ್ನು ಕಾಯುವುದಕ್ಕೆ ಕಾನೂನು ಬೇಕಿಲ್ಲ. ಕಾನೂನು ಬೇಕಾಗುವುದು ಕ್ಲೈನ್‌ನಂಥವರಿಗಾಗಿ. ಯಾರು ಡಾರ್ವಿನ್, ಯಾರು ಕ್ಲೈನ್ ಎಂಬುದು ಬಾಗಿಲ ಹೊರಗೆ ನಿಂತವರಿಗೆ ತಿಳಿಯುವುದಿಲ್ಲ ಎಂಬುದೇ ತೊಡಕು.

1876ರ ಆಗಸ್ಟಿನಲ್ಲಿ ಜಗತ್ತಿನ ಮೊದಲ ಪ್ರಾಣಿಪ್ರಯೋಗ ಕಾಯಿದೆ ಬಂತು. ಪ್ರಯೋಗ ಮಾಡುವವನಿಗೆ ಗೃಹಮಂತ್ರಿಯ ಪರವಾನಗಿ ಇರಬೇಕು, ಅರಿವಳಿಕೆ ಕೊಡಬೇಕು, ಎಚ್ಚರವಾಗುವ ಮೊದಲೇ ಪ್ರಾಣಿಯನ್ನು ಕೊಲ್ಲಬೇಕು. ಇದಕ್ಕೆ ವಿನಾಯಿತಿ ಬೇಕಿದ್ದರೆ ಪ್ರತ್ಯೇಕ ಪ್ರಮಾಣಪತ್ರ ತರಬೇಕು. ಪ್ರಾಣಿಯನ್ನು ಅಲುಗದಂತೆ ಮಾಡಿದರೂ ನೋವನ್ನು ಕಳೆಯದ ಕ್ಯುರಾರೆ ಎಂಬ ವಿಷವನ್ನು ಅರಿವಳಿಕೆಯೆಂದು ಎಣಿಸುವಂತಿಲ್ಲ. ಓದಿದರೆ ಗಟ್ಟಿ ಕಾಯಿದೆಯೇ. ಆದರೆ ಕೊನೆಯಲ್ಲೊಂದು ಗಂಟು ಹಾಕಿತ್ತು. ಪರವಾನಗಿ ಪಡೆದವನ ಮೇಲೆ ಮೊಕದ್ದಮೆ ಹೂಡಬೇಕಾದರೆ ಗೃಹಮಂತ್ರಿಯ ಲಿಖಿತ ಒಪ್ಪಿಗೆ ಬೇಕು, ಅದೂ ಆರು ತಿಂಗಳೊಳಗೆ ಹೂಡಬೇಕು. ಪರವಾನಗಿ ಕೊಟ್ಟವನೇ ದೂರಿಗೂ ಅನುಮತಿ ಕೊಡಬೇಕೆಂದ ಮೇಲೆ ದೂರು ಹುಟ್ಟುವುದೆಲ್ಲಿಂದ! ಬೆರಳೆಣಿಕೆಯ ಇನ್ಸ್‌ಪೆಕ್ಟರುಗಳು ವರ್ಷಕ್ಕೊಂದು ವರದಿ ಬರೆದರು. ಹೊರಗಿನ ಜನಕ್ಕೆ ಒಳಗಿನದು ಕಾಣಲಿಲ್ಲ.

ಕಂಡದ್ದು ಇಪ್ಪತ್ತೇಳು ವರ್ಷಗಳ ನಂತರ, ಇಬ್ಬರು ವಿದ್ಯಾರ್ಥಿನಿಯರ ಕಣ್ಣಿಗೆ. ಸ್ವೀಡನ್ನಿನ ಲಿಜ್ಜಿ ಲಿಂಡ್ ಆಫ್ ಹಾಗೆಬಿ ಮತ್ತು ಆಕೆಯ ಗೆಳತಿ ಲೀಸಾ ಶಾರ್ಟೌ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಗೆ ಸೇರಿದ್ದೇ ಒಳಗಿನದನ್ನು ನೋಡಿ ಬರೆಯುವುದಕ್ಕಾಗಿ. 1903ರ ಫೆಬ್ರವರಿಯಲ್ಲಿ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಎಂಬ ಪ್ರಾಧ್ಯಾಪಕ ವಿದ್ಯಾರ್ಥಿಗಳ ಮುಂದೆ ಕಂದು ಬಣ್ಣದ ಬೀದಿನಾಯಿಯೊಂದರ ಮೇಲೆ ಪ್ರಯೋಗ ತೋರಿಸಿದ. ಆ ನಾಯಿಯ ಮೈಮೇಲೆ ಹಳೆಯ ಶಸ್ತ್ರಕ್ರಿಯೆಯ ಗಾಯವಿತ್ತು. ಹಿಂದಿನ ಡಿಸೆಂಬರಿನಲ್ಲಿ ಅದೇ ಕಾಲೇಜಿನ ಅರ್ನೆಸ್ಟ್ ಸ್ಟಾರ್ಲಿಂಗ್ ಅದನ್ನು ಒಮ್ಮೆ ಬಳಸಿದ್ದ. ನಾಯಿ ಒದ್ದಾಡುತ್ತಿತ್ತು, ಅದಕ್ಕೆ ಸರಿಯಾಗಿ ಅರಿವಳಿಕೆ ಕೊಟ್ಟಿರಲಿಲ್ಲ ಎಂದು ಇಬ್ಬರೂ ತಮ್ಮ ದಿನಚರಿಯಲ್ಲಿ ಬರೆದರು. ಬೇಲಿಸ್ ಅದನ್ನು ಅಲ್ಲಗಳೆದ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಬೇಲಿಸ್, ಸ್ಟಾರ್ಲಿಂಗ್ ಇಬ್ಬರೂ ಕಟುಕರಾಗಿರಲಿಲ್ಲ. ಜೀರ್ಣರಸ ಒಸರುವಂತೆ ಮಾಡುವ ಸೆಕ್ರೆಟಿನ್ ಎಂಬ ದ್ರವ್ಯವನ್ನು 1902ರಲ್ಲಿ ಕಂಡುಹಿಡಿದವರು ಅವರೇ. ಇಂದು ಎಲ್ಲರ ಬಾಯಲ್ಲೂ ಓಡಾಡುವ ಹಾರ್ಮೋನ್ ಎಂಬ ಪದವನ್ನು 1905ರಲ್ಲಿ ಬಳಕೆಗೆ ತಂದವನು ಸ್ಟಾರ್ಲಿಂಗ್. ಮುಂದೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ದೊರೆತ ದಾರಿಯಲ್ಲಿ ಈ ತಿಳಿವಳಿಕೆಯೂ ಒಂದು ಮೆಟ್ಟಿಲು. ನಾಯಿಯೂ ನಿಜ, ಇನ್ಸುಲಿನ್ನೂ ನಿಜ.

ಕಾಯಿದೆಯ ಪ್ರಕಾರ ಮೊಕದ್ದಮೆ ಹೂಡುವ ದಾರಿ ಮುಚ್ಚಿದ್ದರಿಂದ, ಸ್ಟೀಫನ್ ಕೋಲ್‌ರಿಜ್ ಎಂಬ ವಕೀಲ ಸಾರ್ವಜನಿಕ ಸಭೆಯಲ್ಲೇ ಆಪಾದನೆ ಮಾಡಿದ. ಬೇಲಿಸ್ ಮಾನನಷ್ಟದ ದಾವೆ ಹಾಕಿ ಗೆದ್ದ. ಜ್ಯೂರಿ ವಿಧಿಸಿದ್ದು 2000 ಪೌಂಡ್ ಪರಿಹಾರ, ಅದರ ಮೇಲೆ 3000 ಪೌಂಡ್ ಖರ್ಚು. ಆದರೆ ವಿಚಾರಣೆಯಲ್ಲಿ ಒಂದು ಸಂಗತಿ ಹೊರಬಿತ್ತು. ಒಂದೇ ನಾಯಿಯನ್ನು ಎರಡು ಸಲ ಬಳಸಿ ಕಾನೂನು ಮುರಿದದ್ದನ್ನು ಸ್ಟಾರ್ಲಿಂಗ್ ಒಪ್ಪಿಕೊಂಡ. ಎರಡು ನಾಯಿಗಳ ಬದಲು ಒಂದೇ ಸಾಯಲಿ ಎಂಬುದು ಆತನ ಸಮಜಾಯಿಷಿ. ಆ ಇಬ್ಬರು ಹುಡುಗಿಯರು ಬೆಂಚಿನ ಮೇಲೆ ಕುಳಿತಿರದಿದ್ದರೆ ಈ ಒಪ್ಪಿಗೆ ಯಾವ ವರದಿಯಲ್ಲೂ ದಾಖಲಾಗುತ್ತಿರಲಿಲ್ಲ. ಮುಂದೆ 1906ರಲ್ಲಿ ಬ್ಯಾಟರ್‌ಸೀ ಎಂಬ ಕೂಲಿಕಾರರ ಬಡಾವಣೆಯಲ್ಲಿ ನಾಯಿಗೆ ಪ್ರತಿಮೆ ಎದ್ದಿತು. ಅದನ್ನು ಕೆಡವಲು ವೈದ್ಯ ವಿದ್ಯಾರ್ಥಿಗಳು, ಉಳಿಸಲು ಕಾರ್ಮಿಕರು ಮತ್ತು ಮತದಾನದ ಹಕ್ಕು ಕೇಳುತ್ತಿದ್ದ ಹೆಂಗಸರು ಬೀದಿಗಿಳಿದರು. ಕಾವಲಿನ ಖರ್ಚು ತಾಳಲಾರದೆ 1910ರ ಒಂದು ರಾತ್ರಿ ಪುರಸಭೆಯೇ ಪ್ರತಿಮೆಯನ್ನು ಎತ್ತಿಸಿತು. 1876ರ ಕಾಯಿದೆ ಮಾತ್ರ 1986ರವರೆಗೆ, ಅಂದರೆ ಬರೋಬ್ಬರಿ 110 ವರ್ಷ ಹಾಗೆಯೇ ನಡೆಯಿತು.

ಇನ್ನು ಭಾರತದ ಕಡೆ ಬರೋಣ. ಬ್ರಿಟಿಷರು ತಮ್ಮ ಈ ಕಾಯಿದೆಯನ್ನು ಇಲ್ಲಿಗೆ ತರಲಿಲ್ಲ ಎಂಬುದೇ ಮೊದಲ ಸೋಜಿಗ. ಪ್ರಾಣಿಗಳಿಗೆ ಹಿಂಸೆ ಕೊಡುವುದರ ವಿರುದ್ಧ 1890ರಲ್ಲಿ ಅವರು ಇಲ್ಲಿ ಮಾಡಿದ ಕಾನೂನು ಗಾಡಿಗೆ ಕಟ್ಟಿದ ಎತ್ತು, ಕುದುರೆಗಳನ್ನು ನೋಡಿತೇ ಹೊರತು ಪ್ರಯೋಗಶಾಲೆಯೊಳಗೆ ಇಣುಕಲಿಲ್ಲ. ಲಂಡನ್ನಿನಲ್ಲಿ ಮೊಲವನ್ನು ಮುಟ್ಟಲು ಪರವಾನಗಿ ಬೇಕಾಗಿದ್ದ ವಿಜ್ಞಾನಿಗೆ ಕಸೌಲಿಯಲ್ಲಿ ಕುರಿಯನ್ನು ಮುಟ್ಟಲು ಏನೂ ಬೇಕಿರಲಿಲ್ಲ. ಪಾಶ್ಚರ್ ಸಂಸ್ಥೆಗಳನ್ನು ಇಲ್ಲಿ ತೆರೆಯುವಾಗ ವಿರೋಧವೇನೋ ಕೇಳಿಬಂತು, ಆದರೆ ಅದು ಕಾನೂನಾಗಿ ಬೆಳೆಯಲಿಲ್ಲ.

ಅದು ಕಾನೂನಾದದ್ದು ಸ್ವಾತಂತ್ರ್ಯದ ನಂತರ, ಒಬ್ಬ ನೃತ್ಯ ಕಲಾವಿದೆಯ ಹಟದಿಂದ. ಮದರಾಸಿನ ಕಲಾಕ್ಷೇತ್ರವನ್ನು ಕಟ್ಟಿದ ರುಕ್ಮಿಣಿದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅಲ್ಲಿ ಅವರು ನೃತ್ಯದ ಬಗ್ಗೆ ಮಾತಾಡುತ್ತಾರೆಂದು ಕಾದಿದ್ದವರಿಗೆ ಪ್ರಾಣಿಹಿಂಸೆ ತಡೆಯುವ ಖಾಸಗಿ ಮಸೂದೆ ಎದುರಾಯಿತು. ಪ್ರಧಾನಿ ನೆಹರೂ ಮಧ್ಯೆ ಬಂದು, ಸರಕಾರವೇ ಈ ಬಗ್ಗೆ ವಿಚಾರ ಮಾಡಿ ಕಾನೂನು ತರುತ್ತದೆಂದು ಭರವಸೆ ಕೊಟ್ಟರು. ಅವರು ಮಸೂದೆ ಹಿಂತೆಗೆದುಕೊಂಡರು. ರಾಜಕೀಯದಲ್ಲಿ ಇಂಥ ಭರವಸೆಗಳ ಗತಿ ಏನಾಗುತ್ತದೆಂದು ಬಲ್ಲವರೇ ಬಲ್ಲರು, ಆದರೆ ಈ ಸಲ ಮಾತು ಉಳಿಯಿತು. 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು.

ಆ ಕಾಯಿದೆಯ ನಾಲ್ಕನೆಯ ಅಧ್ಯಾಯ ಪ್ರಯೋಗಗಳಿಗೆ ಮೀಸಲು. ಅದು ಶುರುವಾಗುವುದು ನಿಷೇಧದಿಂದಲ್ಲ, ಅನುಮತಿಯಿಂದ. ಹೊಸ ಜ್ಞಾನಕ್ಕಾಗಿ, ಜೀವ ಉಳಿಸುವುದಕ್ಕಾಗಿ, ಮನುಷ್ಯ, ಪ್ರಾಣಿ ಅಥವಾ ಸಸ್ಯಗಳ ರೋಗವನ್ನು ಎದುರಿಸುವುದಕ್ಕಾಗಿ ಮಾಡುವ ಪ್ರಯೋಗ ಅಪರಾಧವಲ್ಲ ಎನ್ನುತ್ತದೆ 14ನೆಯ ಕಲಮು. ಅದರ ಮುಂದಿನ ಕಲಮುಗಳು ಈ ಪ್ರಯೋಗಗಳ ಮೇಲ್ವಿಚಾರಣೆಗೆ ಒಂದು ಸಮಿತಿಯನ್ನು ರಚಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಡುತ್ತವೆ. ಪ್ರಯೋಗದ ಮೊದಲು, ನಡುವೆ, ಮತ್ತು ಆಮೇಲೆ ಪ್ರಾಣಿಗೆ ಅನಗತ್ಯ ನೋವಾಗದಂತೆ ನೋಡುವುದು ಸಮಿತಿಯ ಕರ್ತವ್ಯ. ಸಣ್ಣ ಪ್ರಾಣಿಯಲ್ಲಿ ಆಗುವ ಕೆಲಸಕ್ಕೆ ದೊಡ್ಡ ಪ್ರಾಣಿ ಬೇಡ. ಕಾಲೇಜುಗಳಲ್ಲಿ ಪುಸ್ತಕ, ಮಾದರಿ, ಚಲನಚಿತ್ರ ಸಾಕಾಗುವ ಕಡೆ ಪ್ರಾಣಿ ಬೇಡ. ಬರೀ ಕೈಚಳಕ ಕಲಿಯುವುದಕ್ಕೆ ಪ್ರಾಣಿ ಬೇಡವೇ ಬೇಡ. ಸಮಿತಿ ಅಧಿಕಾರ ಕೊಟ್ಟವರು ಯಾವುದೇ ಸಂಸ್ಥೆಯ ಒಳಗೆ ಹೋಗಿ ನೋಡಬಹುದು, ದಾಖಲೆ ಕೇಳಬಹುದು. ಇನ್ನೊಂದು ದೊಡ್ಡ ಗುಣವನ್ನು ಹೇಳಬೇಕು. ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ ಎನ್ನುತ್ತದೆ ಈ ಕಾಯಿದೆ. 1966ರ ಅಮೆರಿಕದ ಕಾಯಿದೆ ಪ್ರಯೋಗಕ್ಕೆಂದೇ ಸಾಕಿದ ಇಲಿ, ಹೆಗ್ಗಣಗಳನ್ನು ಪ್ರಾಣಿಗಳ ಪಟ್ಟಿಯಿಂದಲೇ ಹೊರಗಿಟ್ಟಿದೆ. ಪ್ರಯೋಗಶಾಲೆಯಲ್ಲಿ ಅತಿ ಹೆಚ್ಚು ಸಾಯುವವು ಅವೇ!

ಹಾಗಾದರೆ ನಿಯಮ ಮುರಿದವರಿಗೆ ದಂಡನೆ ಏನು? 200 ರೂಪಾಯಿವರೆಗೆ ದಂಡ. 1960ರಲ್ಲಿ ಅದು ಗುಮಾಸ್ತನೊಬ್ಬನ ತಿಂಗಳ ಸಂಬಳದ ಆಸುಪಾಸು ಇದ್ದಿರಬಹುದು. ಬೆಲೆಗಳು ಏರಿದವು, ದಂಡ ಏರಲಿಲ್ಲ.

ಒಳಗೆ ಹೋಗಿ ನೋಡುವ ಹಕ್ಕಿಲ್ಲದ ಕರಾರಿನ ಬೆಲೆ ಎಷ್ಟು ಎಂಬುದನ್ನು ಅದೇ ಕಾಲದ ಕೋತಿಗಳ ಕಥೆ ತೋರಿಸುತ್ತದೆ. ಪೋಲಿಯೊ ಲಸಿಕೆಯ ತಯಾರಿಕೆಗೆ ಕೋತಿಯ ಮೂತ್ರಪಿಂಡದ ಜೀವಕೋಶ ಬೇಕಿತ್ತು, ಆ ಕೋತಿ ಉತ್ತರ ಭಾರತದ ಕೆಂಪುಮೂತಿಯ ರೀಸಸ್. 1950ರ ದಶಕದಲ್ಲಿ ವರ್ಷಕ್ಕೆ ಲಕ್ಷಕ್ಕೂ ಮೀರಿ ಕೋತಿಗಳು ವಿಮಾನ ಹತ್ತಿದವು. 1955ರಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ನಾನೂರರ ಸಮೀಪ ಕೋತಿಗಳು ಗಾಡಿಯೊಂದರಲ್ಲಿ ಉಸಿರುಕಟ್ಟಿ ಸತ್ತಾಗ ಭಾರತ ಸರಕಾರ ರಫ್ತು ನಿಲ್ಲಿಸಿತು. ಬಳಿಕ ಅಮೆರಿಕದೊಂದಿಗೆ ಒಪ್ಪಂದವಾಯಿತು. ಲಸಿಕೆ ಮತ್ತು ವೈದ್ಯಕೀಯ ಸಂಶೋಧನೆಗೆ ಮಾತ್ರ ಬಳಸುತ್ತೇವೆ ಎಂಬ ಮಾತಿನ ಮೇಲೆ ರಫ್ತು ಮತ್ತೆ ಶುರುವಾಯಿತು. ಆ ಮಾತು ನಡೆಯುತ್ತಿದೆಯೇ ಎಂದು ಅಮೆರಿಕದ ಪ್ರಯೋಗಶಾಲೆಗೆ ಹೋಗಿ ನೋಡುವವರು ಯಾರು? ಸುಮಾರು ಇಪ್ಪತ್ತು ವರ್ಷ ಯಾರೂ ನೋಡಲಿಲ್ಲ. 1970ರ ದಶಕದಲ್ಲಿ ಶರ್ಲಿ ಮೆಕ್‌ಗ್ರೀಲ್ ಎಂಬ ಮಹಿಳೆ ಕಟ್ಟಿದ ವಾನರ ರಕ್ಷಣಾ ಸಂಸ್ಥೆ, ರೀಸಸ್ ಕೋತಿಗಳನ್ನು ಅಣ್ವಸ್ತ್ರದ ವಿಕಿರಣಕ್ಕೆ ಒಡ್ಡಿ ಅವು ಎಷ್ಟು ಹೊತ್ತು ಓಡಬಲ್ಲವೆಂದು ಅಳೆಯುವ ಸೇನಾ ಪ್ರಯೋಗಗಳನ್ನು ಬಯಲಿಗೆಳೆಯಿತು. ಪ್ರಧಾನಿ ಮೊರಾರ್ಜಿ ದೇಸಾಯಿ ರಫ್ತನ್ನೇ ನಿಷೇಧಿಸಿದರು. 1978ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಇದೇ ಮೊರಾರ್ಜಿಯವರು 1977ರಲ್ಲಿ ರಾಷ್ಟ್ರಪತಿ ಹುದ್ದೆಗೆ ರುಕ್ಮಿಣಿದೇವಿಯವರ ಹೆಸರು ಎತ್ತಿದ್ದು, ಅವರು ಬೇಡವೆಂದದ್ದು, ಈ ಸಂದರ್ಭದಲ್ಲಿ ನೆನಪಾಗುವ ಇನ್ನೊಂದು ಸಂಗತಿ.

ಹೊರದೇಶದ ಬಾಗಿಲ ಮಾತು ಹಾಗಿರಲಿ, ನಮ್ಮ ಮನೆಯೊಳಗಿನ ಬಾಗಿಲ ಕಥೆ ಏನು? ಕಾಯಿದೆ ಹೇಳಿದ ಸಮಿತಿ 1964ರಲ್ಲಿ ಹುಟ್ಟಿತು. ಹುಟ್ಟಿದ್ದೇನೋ ಸರಿ, ಎಚ್ಚರವಾಗಿದ್ದದ್ದು ಕಡಿಮೆ. ಒಳಹೋಗಿ ನೋಡುವ ಅಧಿಕಾರ ಕಾಗದದ ಮೇಲಿತ್ತು, ನೋಡುವ ಕಣ್ಣುಗಳಿರಲಿಲ್ಲ. ವಿಜ್ಞಾನಿಗಳೇ ಮುಂದಾಗಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಮೂಲಕ 1992ರಲ್ಲಿ ಮಾರ್ಗಸೂಚಿ ಹೊರಡಿಸಿದರು. ಸಮಿತಿ ನಿಜವಾಗಿ ಎದ್ದು ಕುಳಿತದ್ದು 1998ರಲ್ಲಿ, ಮೇನಕಾ ಗಾಂಧಿ ಅದರ ಅಧ್ಯಕ್ಷೆಯಾದಾಗ. ಆ ವರ್ಷ ಬಂದ ಹೊಸ ನಿಯಮಗಳ ಪ್ರಕಾರ ಪ್ರಾಣಿ ಸಾಕುವ, ಬಳಸುವ ಪ್ರತಿಯೊಂದು ಸಂಸ್ಥೆಯೂ ಹೆಸರು ನೋಂದಾಯಿಸಬೇಕು. ಪ್ರತಿ ಸಂಸ್ಥೆಯಲ್ಲೂ ನೀತಿ ಸಮಿತಿಯೊಂದು ಇರಬೇಕು. ಅದರಲ್ಲಿ ಕೇಂದ್ರ ಸಮಿತಿ ಕಳಿಸಿದ ಪ್ರತಿನಿಧಿ ಕೂರಬೇಕು.

ಪರಿಶೀಲಕರು ಊರೂರು ತಿರುಗಿದರು. ಕೆಲವು ಕಡೆ ತುಕ್ಕು ಹಿಡಿದ ಇಕ್ಕಟ್ಟಿನ ಪಂಜರ, ಕೆಲವು ಕಡೆ ಪಶುವೈದ್ಯರೇ ಇಲ್ಲ, ಕೆಲವು ಕಡೆ ಎಷ್ಟು ಪ್ರಾಣಿ ಬಂತು ಎಷ್ಟು ಸತ್ತಿತು ಎಂಬ ಲೆಕ್ಕವೂ ಇಲ್ಲ. ವಿಜ್ಞಾನಿಗಳು ಸಿಟ್ಟಾದರು. ಅನುಮತಿ ತಿಂಗಳುಗಟ್ಟಲೆ ತಡವಾಗುತ್ತಿದೆ, ದಾಳಿಗೆ ಬಂದವರಿಗೆ ವಿಜ್ಞಾನ ಗೊತ್ತಿಲ್ಲ, ಕಾಯಿಲೆಯವರ ಗತಿ ಏನು ಎಂಬುದು ಅವರ ದೂರು. ಈ ದೂರಿನಲ್ಲಿ ಹುರುಳಿತ್ತು. ಆದರೆ ಮೂವತ್ತನಾಲ್ಕು ವರ್ಷ ಯಾರೂ ತಟ್ಟದ ಬಾಗಿಲನ್ನು ಒಮ್ಮೆಲೇ ತಟ್ಟಿದರೆ ಸದ್ದು ಜೋರಾಗಿಯೇ ಕೇಳುತ್ತದೆ. ಮೊದಲಿನಿಂದ ಮೆಲ್ಲಗೆ ತಟ್ಟುತ್ತಾ ಬಂದಿದ್ದರೆ ಈ ರಂಪವೇ ಇರುತ್ತಿರಲಿಲ್ಲ. 2001 ಮತ್ತು 2006ರಲ್ಲಿ ನಿಯಮಗಳಿಗೆ ತಿದ್ದುಪಡಿಯಾಗಿ ಒಂದು ಹದಕ್ಕೆ ಬಂತು. ಇಲಿ, ಮೊಲಗಳ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ನೀತಿ ಸಮಿತಿಯೇ ಒಪ್ಪಿಗೆ ಕೊಡಬಹುದು. ನಾಯಿ, ಕೋತಿ, ಕುದುರೆಗಳಂಥ ದೊಡ್ಡ ಪ್ರಾಣಿಯಾದರೆ ಕಡತ ಕೇಂದ್ರ ಸಮಿತಿಗೆ ಹೋಗಬೇಕು.

ಆ ನೀತಿ ಸಮಿತಿಯ ಸಭೆಯನ್ನು ಕಲ್ಪಿಸಿಕೊಳ್ಳಿ. ಎಂಟು ಜನ. ಸಂಸ್ಥೆಯ ವಿಜ್ಞಾನಿಗಳು, ಪಶುವೈದ್ಯರು, ಹೊರಗಿನ ವಿಜ್ಞಾನಿಯೊಬ್ಬರು, ಕೇಂದ್ರದ ಪ್ರತಿನಿಧಿ, ಮತ್ತು ವಿಜ್ಞಾನದವರಲ್ಲದ, ಸಾಮಾಜಿಕ ಕಾಳಜಿಯುಳ್ಳ ಒಬ್ಬ ವ್ಯಕ್ತಿ. ಪ್ರಯೋಗ ಮಾಡಬೇಕೆಂದವರು ಒಂದು ನಮೂನೆ ತುಂಬಿ ತಂದಿರುತ್ತಾರೆ. ಈ ಪ್ರಾಣಿಯೇ ಏಕೆ, ಇಷ್ಟು ಸಂಖ್ಯೆ ಏಕೆ, ನೋವು ಎಷ್ಟು, ಅರಿವಳಿಕೆ ಯಾವುದು, ಕೊನೆಗೆ ಪ್ರಾಣಿಯನ್ನು ಏನು ಮಾಡುತ್ತೀರಿ ಎಂದು ಅದರಲ್ಲಿ ಕೇಳಿರುತ್ತದೆ. ಇವುಗಳ ಹಿಂದೆ ಇರುವುದು 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬಿಬ್ಬರು ಹೇಳಿದ ಸೂತ್ರ. ಸಾಧ್ಯವಿದ್ದರೆ ಪ್ರಾಣಿಯ ಬದಲು ಬೇರೆ ವಿಧಾನ ಹಿಡಿಯಿರಿ, ಇಲ್ಲವಾದರೆ ಸಂಖ್ಯೆ ಕಡಿಮೆ ಮಾಡಿ, ಅದೂ ಆಗದಿದ್ದರೆ ನೋವನ್ನಾದರೂ ತಗ್ಗಿಸಿ. ಇಪ್ಪತ್ತು ಇಲಿ ಸಾಲದೇ, ನಲವತ್ತು ಏಕೆ ಎಂಬ ಪ್ರಶ್ನೆಯನ್ನು ವಿಜ್ಞಾನದವರಲ್ಲದ ಆ ಸದಸ್ಯ ಕೇಳಿದಾಗಲೇ ಎಷ್ಟೋ ಸಲ ಲೆಕ್ಕ ಮತ್ತೊಮ್ಮೆ ಹಾಕಬೇಕಾಗುತ್ತದೆ. ಕೇಳದೆ ಸಹಿ ಹಾಕಿ ಚಹಾ ಕುಡಿದು ಎದ್ದರೆ, ಕಾಯಿದೆ ಮತ್ತೆ 1964ರ ನಿದ್ದೆಗೆ ಜಾರುತ್ತದೆ.

ಕೊನೆಗೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲೊಂದು ಕಣ್ಣಿಗೆ ಕಾಣುವ ಉತ್ತರವಿದೆ. ಔಷಧ ಪರೀಕ್ಷೆಗೆ ಬಳಸುವ ನಾಯಿ ಸಾಮಾನ್ಯವಾಗಿ ಬೀಗಲ್ ಜಾತಿಯದು. ಸಾಧುಪ್ರಾಣಿ, ಕಚ್ಚುವುದಿಲ್ಲ, ಅದೇ ಅದಕ್ಕೆ ಮುಳುವಾಯಿತು. ದೊಡ್ಡ ಪ್ರಾಣಿಗಳಿಗೆ ಪುನರ್ವಸತಿ ಕಲ್ಪಿಸುವ ಹೊಣೆ ಸಂಸ್ಥೆಯದೇ ಎಂಬ ನೀತಿ ಬಂದ ಮೇಲೆ, 2016ರ ಸುಮಾರಿಗೆ ನಗರದ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆಯ ಮೂಲಕ ಪ್ರಯೋಗಶಾಲೆಯ ಬೀಗಲ್‌ಗಳು ಹಲವು ಮನೆಗಳನ್ನು ಸೇರಿದವು. ಪಂಜರದಲ್ಲೇ ಬೆಳೆದ ನಾಯಿಗೆ ಹುಲ್ಲೂ ಹೊಸದು, ಮೆಟ್ಟಿಲೂ ಹೊಸದು.

ಪ್ರಾಣಿಯೇ ಬೇಡವಾದ ಕ್ಷೇತ್ರಗಳೂ ಒಂದೊಂದಾಗಿ ಹೆಚ್ಚುತ್ತಿವೆ. ಸೆಂಪಲ್ ಲಸಿಕೆಯ ಜಾಗಕ್ಕೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶದ ಲಸಿಕೆ ಬಂದು ಕುರಿ ಬಿಡುಗಡೆಯಾಯಿತು, ಮನುಷ್ಯನ ಹೊಕ್ಕುಳೂ ಬಚಾವಾಯಿತು. ಪಿಯುಸಿ, ಬಿಎಸ್ಸಿಯಲ್ಲಿ ಕಪ್ಪೆ ಕೊಯ್ದವರು ಈ ಸಭೆಯಲ್ಲೂ ಇದ್ದೀರಿ. ಪದವಿ ತರಗತಿಗಳಲ್ಲಿ ಪ್ರಾಣಿ ಕೊಯ್ಯುವುದನ್ನು ಹಂತಹಂತವಾಗಿ ಬಿಡಲು ಯುಜಿಸಿ 2011ರಲ್ಲಿ ಸೂಚಿಸಿ, 2014ರಲ್ಲಿ ಪೂರ್ತಿ ನಿಲ್ಲಿಸಲು ಹೇಳಿತು. ಮಾದರಿ ಮತ್ತು ಚಲನಚಿತ್ರ ಸಾಕಾದರೆ ಪ್ರಾಣಿ ಬೇಡ ಎಂದು 1960ರ ಕಾಯಿದೆಯೇ ಹೇಳಿತ್ತು. ಆ ಒಂದು ಸಾಲು ಕಾಲೇಜಿನ ಮೇಜಿಗೆ ಇಳಿಯಲು ಅರ್ಧ ಶತಮಾನ ಹಿಡಿಯಿತು. ಸೌಂದರ್ಯ ಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದೂ 2014ರಲ್ಲಿ ನಿಂತಿತು. 2023ರ ತಿದ್ದುಪಡಿಯಿಂದ ಹೊಸ ಔಷಧದ ಪರೀಕ್ಷೆಗೆ ಮಾನವ ಜೀವಕೋಶ ಆಧಾರಿತ ವಿಧಾನಗಳಿಗೂ ಮಾನ್ಯತೆ ಸಿಕ್ಕಿದೆ.

ಆದರೂ ಪ್ರಾಣಿಯನ್ನು ಪೂರ್ತಿ ಬಿಡುವ ದಿನ ಬಂದಿಲ್ಲ. ಅದಕ್ಕೆ ಸಾಕ್ಷಿ ಮಲೆನಾಡಿನಲ್ಲೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದು, ಹಿಂದೆಯೇ ಜನರಿಗೂ ಜ್ವರ ಬಂತು. ಉಣುಗು ಹರಡುವ ಆ ಮಂಗನ ಕಾಯಿಲೆ ಇಂದಿಗೂ ಬೇಸಿಗೆ ಬಂತೆಂದರೆ ಸೊಪ್ಪು, ದರಗು ತರಲು ಕಾಡಿಗೆ ಹೋಗುವವರನ್ನು ಹೆದರಿಸುತ್ತದೆ. ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸದರ ಕೆಲಸ ಕೈಗೆತ್ತಿಕೊಂಡಿದೆ. ತೀರ್ಥಹಳ್ಳಿಯ, ಸಿದ್ದಾಪುರದ ಕೂಲಿಯಾಳಿನ ತೋಳಿಗೆ ಸೂಜಿ ತಾಗುವ ಮೊದಲು ಅಂಥ ಲಸಿಕೆ ಪ್ರಾಣಿಯ ಮೇಲೆ ಪರೀಕ್ಷೆಯಾಗಲೇಬೇಕು. ಅದು ಬೇಡವೆನ್ನುವ ಧೈರ್ಯ ಮಲೆನಾಡಿನಲ್ಲಿ ಯಾರಿಗೂ ಇರಲಾರದು.

ಹಾಗಾಗಿ ನೋಡುವ ಕಣ್ಣಿನ ಪ್ರಶ್ನೆ ಮತ್ತೆ ಬರುತ್ತದೆ. ಬ್ರಿಟನ್ನಿನ ಗೃಹ ಇಲಾಖೆ ಪ್ರತಿ ವರ್ಷ ಯಾವ ಪ್ರಾಣಿಯ ಮೇಲೆ ಎಷ್ಟು ಪ್ರಯೋಗ, ನೋವಿನ ಮಟ್ಟ ಎಷ್ಟು ಎಂಬ ಲೆಕ್ಕವನ್ನು ಅಚ್ಚು ಹಾಕಿಸುತ್ತದೆ. 2023ರಲ್ಲಿ ಅಲ್ಲಿನ ಸಂಖ್ಯೆ ಸುಮಾರು 26.8 ಲಕ್ಷ. ಯಾರು ಬೇಕಾದರೂ ಓದಬಹುದು, ಬೈಯಬಹುದು, ಸಮರ್ಥಿಸಬಹುದು. ನಮ್ಮಲ್ಲಿ ಸಂಸ್ಥೆಗಳು ದಾಖಲೆ ಇಡುತ್ತವೆ, ನೀತಿ ಸಮಿತಿಯ ನಡಾವಳಿ ಕೇಂದ್ರ ಸಮಿತಿಗೆ ಹೋಗುತ್ತದೆ. ಅದನ್ನೆಲ್ಲ ಕೂಡಿಸಿ ವರ್ಷಕ್ಕೊಮ್ಮೆ ಜನರ ಮುಂದಿಡುವ ಪದ್ಧತಿ ಇನ್ನೂ ಬೆಳೆದಿಲ್ಲ. ಅದಕ್ಕೆ ಹೊಸ ಕಾಯಿದೆಯೇನೂ ಬೇಕಾಗಿಲ್ಲ. ದಾಖಲೆ ಇಡಬೇಕೆಂದು 1960ರಲ್ಲೇ ಬರೆದಿಟ್ಟಿದ್ದಾರೆ, ಅದನ್ನು ಅಚ್ಚು ಹಾಕಿಸಿದರೆ ಸಾಕು.